ಚಲಿಸುವ ಅಕ್ಷರಗಳು

ಪುಸ್ತಕದ ಅಕ್ಷರವು ಓದುಗನಿಗಾಗಿ ಕಾದಿರುತ್ತದೆ. ಅರ್ಥವಾಗದ ಸಾಲನ್ನು ಅವನು ಮತ್ತೊಮ್ಮೆ ಓದಬಹುದು; ಪುಟವನ್ನು ಹಿಂದಕ್ಕೆ ತಿರುವಬಹುದು. ವಿಡಿಯೋ ತೆರೆಯ ಮೇಲೆ ಚಲಿಸುವ ಅಕ್ಷರಕ್ಕೆ ಅಂತಹ ತಾಳ್ಮೆಯಿಲ್ಲ. ಅದು ಮೂಡಿ, ಕೆಲವೇ ಕ್ಷಣ ನಿಂತು, ಮರೆಯಾಗುತ್ತದೆ. ಆದುದರಿಂದ ಅಲ್ಲಿ ಅಕ್ಷರರೂಪವನ್ನು, ಎಂದರೆ ಫಾಂಟನ್ನು, ಆರಿಸುವುದು ಕೇವಲ ಅಲಂಕಾರದ ಮಾತಲ್ಲ. ಹೇಳಿದ ಮಾತು ನೋಡುವವನನ್ನು ಮುಟ್ಟುವುದೇ ಇಲ್ಲವೇ ಎಂಬುದು ಆ ಆಯ್ಕೆಯನ್ನು ಅವಲಂಬಿಸಿದೆ.

ಚಲಿಸುವ ಅಕ್ಷರಗಳ ಕಲೆಗೆ ಹೊಸ ದಾರಿ ತೋರಿದವರಲ್ಲಿ ಅಮೆರಿಕದ ಸಾಲ್ ಬಾಸ್ ಪ್ರಮುಖರು. ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿ, 1959ರಲ್ಲಿ ತೆರೆಕಂಡ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಚಲನಚಿತ್ರದ ಆರಂಭದ ಶೀರ್ಷಿಕೆಗಳನ್ನು ಅವರು ರೂಪಿಸಿದರು. ಹಸುರು ಹಿನ್ನೆಲೆಯಲ್ಲಿ ಗೆರೆಗಳು ಒಂದನ್ನೊಂದು ಹಾಯುತ್ತವೆ. ಹೆಸರುಗಳು ಅವುಗಳ ಗುಂಟ ಮೇಲಕ್ಕೂ ಕೆಳಕ್ಕೂ ಸರಿಯುತ್ತವೆ. ನೋಡುತ್ತಿದ್ದಂತೆಯೇ ಆ ಗೆರೆಗಳು ನ್ಯೂಯಾರ್ಕಿನ ಕಟ್ಟಡವೊಂದರ ಗಾಜಿನ ಗೋಡೆಯಾಗಿ ಮಾರ್ಪಡುತ್ತವೆ. ಇಷ್ಟು ಚಲನೆಯ ನಡುವೆಯೂ ಹೆಸರುಗಳನ್ನು ಓದಲು ತೊಡಕಿಲ್ಲ. ಏಕೆಂದರೆ ಅಕ್ಷರಗಳು ತೀರ ಸರಳವಾದವು. ಚಲನೆ ಹೆಚ್ಚಿದಷ್ಟೂ ರೂಪವು ಸರಳವಾಗಿರಬೇಕು.

ಕನ್ನಡ ಲಿಪಿಗೆ ಈ ನಿಯಮವೊಂದೇ ಸಾಲದು. ನಮ್ಮಲ್ಲಿ ‘ದ’ಕಾರವನ್ನು ‘ಧ’ಕಾರದಿಂದ ಬೇರ್ಪಡಿಸುವುದು ಒಂದು ಕಿರುಗೆರೆ ಮಾತ್ರ. ‘ಪ’ಕಾರಕ್ಕೂ ‘ಷ’ಕಾರಕ್ಕೂ ಇರುವ ಅಂತರ ಅಷ್ಟೇ. ಆ ಗೆರೆ ತೆಳುವಾಗಿ ಕರಗಿಹೋದರೆ ಅರ್ಥವೇ ಬದಲಾಗುತ್ತದೆ. ನೆರೆಯಲ್ಲಿ ನೊಂದವರಿಗೆ ‘ಧನಸಹಾಯ’ ದೊರೆಯುವುದೆಂಬ ಪ್ರಕಟಣೆ ‘ದನಸಹಾಯ’ವೆಂದು ಕಂಡರೆ, ನೋಡುವವರು ನಕ್ಕಾರು, ನೊಂದವರು ಗೊಂದಲಗೊಂಡಾರು.

ಒತ್ತಕ್ಷರಗಳದು ಇನ್ನೊಂದು ತೊಡಕು. ಅವು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಸಾಕಷ್ಟು ಎಡೆಯಿಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್ ಪದ್ಧತಿಯ ಗಣಕಯಂತ್ರಕ್ಕೆ ಅದು 6 ಸಂಕೇತಗಳ ಸರಣಿ. ಈ ಸಂಕೇತಗಳನ್ನು ಬಿಡಿಬಿಡಿಯಾಗಿ ಚಲಿಸುವಂತೆ ಮಾಡಿದರೆ ಅಕ್ಷರವೇ ಒಡೆದುಹೋಗುತ್ತದೆ.

ಹಾಗಾದರೆ ಆಯ್ಕೆ ಹೇಗೆ? ‘ಧನ’, ‘ಷಟ್ಪದಿ’, ‘ರಾಷ್ಟ್ರ’ದಂತಹ ಕಠಿಣ ಪದಗಳನ್ನೇ ಬರೆದು, ಅವು ಚಲಿಸಬೇಕಾದ ವೇಗದಲ್ಲಿ ಚಲಿಸಲು ಬಿಟ್ಟು, ಚಿಕ್ಕ ತೆರೆಯ ಮೇಲೆ ನೋಡಬೇಕು. ಆ ಮಾತುಗಳನ್ನು ಮೊದಲು ಕಂಡಿರದ ಒಬ್ಬರಿಂದ ಓದಿಸಬೇಕು. ರಚಿಸಿದವನ ಕಣ್ಣು ಇದಕ್ಕೆ ಸಾಕ್ಷಿಯಾಗಲಾರದು; ಅದು ಕಾಣದುದನ್ನೂ ನೆನಪಿನಿಂದ ಓದಿಬಿಡುತ್ತದೆ.

‘ಅಕ್ಷರ’ವೆಂದರೆ ಅಳಿಯದುದು ಎಂದು ಅರ್ಥ. ತೆರೆಯ ಮೇಲೆ ಅದರ ಬಾಳು ಕ್ಷಣಮಾತ್ರದ್ದು. ಆ ಕ್ಷಣದಲ್ಲಿ ಸ್ಪಷ್ಟವಾಗಿ ಕಂಡರೆ ಮಾತ್ರ ಅದು ನೋಡಿದವನ ಮನಸ್ಸಿನಲ್ಲಿ ಅಳಿಯದೆ ಉಳಿದೀತು.

ಅಭ್ಯಾಸ

1. ಪುಸ್ತಕದ ಅಕ್ಷರಕ್ಕೂ ತೆರೆಯ ಅಕ್ಷರಕ್ಕೂ ಇರುವ ವ್ಯತ್ಯಾಸವೇನು?
2. ಒತ್ತಕ್ಷರಗಳಿಂದ ಉಂಟಾಗುವ ತೊಡಕುಗಳನ್ನು ವಿವರಿಸಿ.
3. ‘ರಚಿಸಿದವನ ಕಣ್ಣು ಇದಕ್ಕೆ ಸಾಕ್ಷಿಯಾಗಲಾರದು’ – ಈ ಮಾತನ್ನು ಸಮರ್ಥಿಸಿ.