ಮೊದಲ ಹಳೇ ಕಾರು: ಮೊದಲು ಕಾಗದ, ಆಮೇಲೆ ತಗಡು, ಕೊನೆಗೆ ಇಂಜಿನ್

ಕೆಲಸಕ್ಕೆ ಸೇರಿ ನಾಲ್ಕು ಕಾಸು ಉಳಿಸಿದ ಹುಡುಗ ಹುಡುಗಿಯರು ಹೊಸ ಕಾರಿನ ಕಂತಿಗೆ ಬೀಳದೆ, ಅಪ್ಪನ ಕಾಲದ ಮಾರುತಿ 800 ಅಥವಾ ತಾತನ ಕಾಲದ ಪದ್ಮಿನಿಯನ್ನು ಹುಡುಕಿಕೊಂಡು ಹೊರಡುತ್ತಾರೆ. ಒಳ್ಳೆಯ ಆಸೆ. ಬಾನೆಟ್ ಎತ್ತಿದರೆ ಒಳಗಿರುವುದೆಲ್ಲ ಕಣ್ಣಿಗೆ ಕಾಣುವ, ಸ್ಪ್ಯಾನರ್‌ಗೆ ಸಿಗುವ ಕಾರುಗಳಿವು. ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಕಲಿಯಲು ಇವಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

ಆದರೆ ಬಹಳಷ್ಟು ಜನ ಹುಡುಕುವ ಕ್ರಮವೇ ತಲೆಕೆಳಗು. ಇಂಜಿನ್ ಸದ್ದು ಕೇಳಿ ಖುಷಿಪಟ್ಟು, ಪೇಂಟ್ ಹೊಳಪು ನೋಡಿ ಮುಂಗಡ ಕೊಟ್ಟು, ಆರ್‌ಸಿಯನ್ನು ಕೊನೆಗೆ ಕೇಳುತ್ತಾರೆ. ಕೆಟ್ಟ ಇಂಜಿನ್ನನ್ನು ಇಳಿಸಿ ಸರಿಮಾಡಿಸಬಹುದು. ತುಕ್ಕು ತಿಂದ ಬಾಡಿಯನ್ನು ನೆಟ್ಟಗೆ ಮಾಡಿಸಲು ಕಾರಿನ ಬೆಲೆಗಿಂತ ಹೆಚ್ಚು ಬೇಕಾಗುತ್ತದೆ. ದಾಖಲೆಯೇ ಕೆಟ್ಟಿದ್ದರೆ ಎಷ್ಟು ಸುರಿದರೂ ಗಾಡಿ ರಸ್ತೆಗಿಳಿಯುವುದಿಲ್ಲ. ಹಾಗಾಗಿ ಇಲ್ಲಿ ಹೇಳುವ ಕ್ರಮವನ್ನು ದಯವಿಟ್ಟು ಹಿಂದುಮುಂದು ಮಾಡಬೇಡಿ.

ದುಡ್ಡನ್ನು ಮೊದಲೇ ಭಾಗ ಮಾಡಿ

ಕೈಯಲ್ಲಿರುವ ಹಣದಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚನ್ನು ಕಾರಿನ ಬೆಲೆಗೆ ಕೊಡಬಾರದು. ಒಂದೂವರೆ ಲಕ್ಷ ಇದ್ದರೆ ಒಂದು ಲಕ್ಷದೊಳಗಿನ ಗಾಡಿ ನೋಡಿ. ಉಳಿದದ್ದು ಟೈರು, ಬ್ರೇಕು, ಬ್ಯಾಟರಿ, ಪೆಟ್ರೋಲ್ ಪೈಪು, ವಿಮೆ ಮತ್ತು ಆರ್‌ಟಿಒ ಖರ್ಚಿಗೆ ಬೇಕೇ ಬೇಕು. ಸಾಲ ಮಾಡಿ ಹಳೇ ಕಾರು ಕೊಳ್ಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಯಾವ ಕಾರು?

ಮೊದಲ ಸಲ ಕೊಳ್ಳುವವರಿಗೆ ನನ್ನ ಆಯ್ಕೆ ಮಾರುತಿ 800. 1983ರ ಡಿಸೆಂಬರ್‌ನಲ್ಲಿ ಬಂದ ಈ ಕಾರು 2014ರವರೆಗೆ ತಯಾರಾಯಿತು. ಇದರ ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನೇ ಓಮ್ನಿಯಲ್ಲೂ ಇತ್ತು. ಓಮ್ನಿ 2019ರವರೆಗೆ ಮಾರುಕಟ್ಟೆಯಲ್ಲಿತ್ತು. ಆದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮಾತ್ರವಲ್ಲ, ತಾಲ್ಲೂಕು ಕೇಂದ್ರದ ಸ್ಪೇರ್ಸ್ ಅಂಗಡಿಯಲ್ಲೂ ಇದರ ಇಂಜಿನ್ ಸಾಮಾನು ಸಿಗುತ್ತದೆ. 12 ಇಂಚಿನ ಟೈರಿಗೂ ಪರದಾಡಬೇಕಿಲ್ಲ. ಹಳೇ ಕಾರಿನ ಸುಖ ಬೇಕೆನ್ನುವವರು ಚೋಕ್ ಎಳೆದು ಸ್ಟಾರ್ಟ್ ಮಾಡುವ, ನಾಲ್ಕು ಗೇರಿನ ಕಾರ್ಬ್ಯುರೇಟರ್ ಮಾದರಿಯನ್ನು ಹುಡುಕಲಿ. ದಿನವೂ ಕೆಲಸಕ್ಕೆ ಒಯ್ಯುವವರಿಗೆ ಆಮೇಲೆ ಬಂದ ಎಂಪಿಎಫ್‌ಐ ಮಾದರಿ ಅನುಕೂಲ.

1993ರಲ್ಲಿ ಬಂದ ಮಾರುತಿ ಜೆನ್ ಓಡಿಸಲು ಇನ್ನೂ ಚುರುಕು. ಆದರೆ ಅದರ 993 ಸಿಸಿ ಇಂಜಿನ್ ಪೂರ್ತಿ ಅಲ್ಯೂಮಿನಿಯಂನದು. ಒಮ್ಮೆ ನೀರು ಖಾಲಿಯಾಗಿ ಹೀಟ್ ಆಯಿತೆಂದರೆ ಹೆಡ್ ಸೊಟ್ಟಗಾಗುತ್ತದೆ. ಹಾಗೆ ಹೀಟ್ ಆಗಿದ್ದ ಜೆನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ.

ಪ್ರೀಮಿಯರ್ ಪದ್ಮಿನಿಯ ಅಂದಕ್ಕೆ ಸೋಲದವರು ಕಡಿಮೆ. ಫಿಯೆಟ್ 1100 ವಂಶದ ಈ ಕಾರಿಗೆ 1089 ಸಿಸಿ ಇಂಜಿನ್, ಹೆಚ್ಚಿನವುಗಳಲ್ಲಿ ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಎರಡರ ಮೆಕ್ಯಾನಿಕ್ ಕೆಲಸವೂ ಸುಲಭ. ಸಮಸ್ಯೆ ಬರುವುದು ಚಿಕ್ಕ ಚಿಕ್ಕ ಸಾಮಾನಿನಲ್ಲಿ: ಬಾಗಿಲ ಹಿಡಿ, ಗಾಜಿನ ಬೀಡಿಂಗ್, ಲೈಟಿನ ರಿಂಗ್, ಮುಂದಿನ ಗಾಜು. ಇವು ಶಿವಾಜಿನಗರದ ಗುಜರಿಯಲ್ಲಿ ಅದೃಷ್ಟವಿದ್ದರೆ ಸಿಗಬಹುದು. ಹಾಗಾಗಿ ಇಂಜಿನ್ ಸ್ವಲ್ಪ ಸುಸ್ತಾಗಿದ್ದರೂ ಸರಿ, ಬಿಡಿಭಾಗವೆಲ್ಲ ಮೂಲದ್ದೇ ಇರುವ ಪದ್ಮಿನಿಯನ್ನು ಆರಿಸಿ. ಕಾಂಟೆಸ್ಸಾ, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳನ್ನು ಮೊದಲ ಕಾರಾಗಿ ಕೊಳ್ಳಬೇಡಿ. ಸಾಮಾನು ಹುಡುಕುವುದರಲ್ಲೇ ವರ್ಷ ಕಳೆಯುತ್ತದೆ.

ವಿಮೆಯ ಲೆಕ್ಕವನ್ನೂ ಈಗಲೇ ಹಾಕಿ. 2022ರಲ್ಲಿ ಪ್ರಕಟವಾದ ಥರ್ಡ್ ಪಾರ್ಟಿ ದರಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೂ ದೊಡ್ಡದಕ್ಕೆ 7,897. ಇದರ ಮೇಲೆ ತೆರಿಗೆ. ಅಂದರೆ 800 ಮತ್ತು ಜೆನ್ ಮೊದಲ ಸಾಲಿಗೆ, ಪದ್ಮಿನಿ ಎರಡನೆಯದಕ್ಕೆ, 1.8 ಲೀಟರಿನ ಇಸುಜು ಇಂಜಿನ್ನಿನ ಅಂಬಾಸಿಡರ್ ಕೊನೆಯ ಸಾಲಿಗೆ ಬರುತ್ತವೆ.

ಕಾಗದ

ಗಾಡಿ ನೋಡಲು ಹೋಗುವ ಮುಂಚೆಯೇ ಆರ್‌ಸಿಯ ಫೋಟೊ ತರಿಸಿಕೊಳ್ಳಿ. ನಂಬರನ್ನು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ. ಮಾಲೀಕರ ಹೆಸರು, ನೋಂದಣಿಯ ಅವಧಿ, ವಿಮೆ, ಬ್ಯಾಂಕ್ ಸಾಲ ಎಲ್ಲ ತಾಳೆಯಾಗಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿದ್ದರೆ, ಬ್ಯಾಂಕಿನ ಪತ್ರದೊಂದಿಗೆ ಫಾರಂ 35 ಕೊಟ್ಟು ತೆಗೆಸುವ ಕೆಲಸ ಮಾರುವವರದು.

ನಂಬರ್ ಹಾಕಿದರೆ ಏನೂ ಬರದಿದ್ದರೆ? ಕೆಎ ಸರಣಿಗೆ ಮುಂಚಿನ, ಮೂರು ಇಂಗ್ಲಿಷ್ ಅಕ್ಷರದ ನಂಬರಿನ ಗಾಡಿಗಳಲ್ಲಿ ಇದು ಆಗುತ್ತದೆ. ದಾಖಲೆ ಆರ್‌ಟಿಒ ಕಚೇರಿಯ ಹಳೇ ಪುಸ್ತಕದಲ್ಲಿರುತ್ತದೆ, ಕಂಪ್ಯೂಟರಿಗೆ ಏರಿರುವುದಿಲ್ಲ. ಅದನ್ನು ಏರಿಸುವುದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಎನ್ನುತ್ತಾರೆ. ಅದು ಆಗುವವರೆಗೆ ವರ್ಗಾವಣೆಯೂ ಇಲ್ಲ, ನವೀಕರಣವೂ ಇಲ್ಲ. ಇದನ್ನು ಈಗಿನ ಮಾಲೀಕರ ಹೆಸರಿನಲ್ಲೇ ಮುಗಿಸಿಕೊಡಲಿ. ‘ಆಮೇಲೆ ಮಾಡಿಸಿಕೊಡ್ತೀನಿ’ ಎಂಬ ಬ್ರೋಕರ್ ಮಾತಿಗೆ ಮುಂಗಡ ಕೊಡಬೇಡಿ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪ್ರತಿ 5 ವರ್ಷಕ್ಕೆ ಗಾಡಿಯನ್ನು ತೋರಿಸಿ ನವೀಕರಿಸಬೇಕು. ನಮ್ಮವರ ಮಾತಿನಲ್ಲಿ ಇದೇ ‘ಎಫ್‌ಸಿ’. 2022ರ ಏಪ್ರಿಲ್‌ನಿಂದ ಇದರ ಶುಲ್ಕ ಕಾರಿಗೆ 5,000 ರೂಪಾಯಿ ಆಯಿತು. 20 ವರ್ಷ ದಾಟಿದ ಕಾರಿಗೆ ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿಸಿತು. ತಡವಾದರೆ ತಿಂಗಳಿಗೆ 500 ರೂಪಾಯಿ ದಂಡ. ಜೊತೆಗೆ ರಾಜ್ಯದ ಹಸಿರು ತೆರಿಗೆ. ಎಫ್‌ಸಿ ಮುಗಿದು ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿ ಅಗ್ಗವಾಗಿ ಕಾಣುವುದು ಈ ಲೆಕ್ಕವನ್ನು ಹಾಕುವವರೆಗೆ ಮಾತ್ರ. ಎಫ್‌ಸಿ ಚಾಲ್ತಿಯಲ್ಲಿರುವ ಗಾಡಿಗೆ ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿನ ಕಾರುಗಳು ಕಡಿಮೆ ಬೆಲೆಗೆ ಇತ್ತ ಬರತೊಡಗಿದವು. ಹೊರರಾಜ್ಯದ ಗಾಡಿಗೆ ಅಲ್ಲಿನ ಎನ್‌ಒಸಿ, ಇಲ್ಲಿನ ಜೀವಿತಾವಧಿ ತೆರಿಗೆ, ಹೊಸ ಕೆಎ ನಂಬರು ಎಲ್ಲ ಬೇಕು. ಮೊದಲ ಸಲ ಕೊಳ್ಳುವವರು ಈ ಓಡಾಟಕ್ಕೆ ಇಳಿಯದಿರುವುದೇ ಮೇಲು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. 2021ರ ವಿಂಟೇಜ್ ನಿಯಮ ಅನ್ವಯವಾಗುವುದು 50 ವರ್ಷ ದಾಟಿದ ವಾಹನಗಳಿಗೆ. ಆ ನೋಂದಣಿ ಮಾಡಿಸಿದರೆ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಿಮ್ಮ 800 ಕಾನೂನಿನ ಕಣ್ಣಿನಲ್ಲಿ ಬರೀ ಹಳೇ ಕಾರು. ದಿನವೂ ಓಡಿಸುವವರಿಗೆ ಅದೇ ಒಳ್ಳೆಯದು.

ತಗಡು

ಹಗಲಲ್ಲೇ ನೋಡಿ, ಮಳೆಯಲ್ಲಿ ನೆನೆದ ಕಾರನ್ನು ನೋಡಬೇಡಿ. ನೀರು ಮುಚ್ಚಿದ ಪೇಂಟ್ ಎಲ್ಲವೂ ಹೊಸದರಂತೆ ಕಾಣುತ್ತದೆ. ಒಳಗಿನ ಮ್ಯಾಟ್ ಎತ್ತಿ ಫ್ಲೋರ್ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡಿ. ಬ್ಯಾಟರಿ ಕೂರುವ ತಟ್ಟೆ, ಬಾಗಿಲಿನ ತಳ, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಬಾನೆಟ್ ಒಳಗೆ ಮುಂದಿನ ಸಸ್ಪೆನ್ಷನ್ ಕೂರುವ ಆ್ಯಪ್ರನ್ — ತುಕ್ಕು ಮೊದಲು ಮನೆ ಮಾಡುವುದು ಇಲ್ಲೇ. ಬಾಗಿಲ ತಳದ ತುಕ್ಕಿಗೆ ಪ್ಯಾಚ್ ಹಾಕಿಸಬಹುದು. ಆ್ಯಪ್ರನ್ ಕೊಳೆತಿದ್ದರೆ ಮಾತುಕತೆಯೇ ಬೇಡ, ಅಲ್ಲಿಂದಲೇ ಹೊರಡಿ.

ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಳ್ಳಿ. ತಗಡಿಗೆ ಅಂಟಿಕೊಳ್ಳದೆ ಜಾರಿದ ಕಡೆ ಒಳಗೆ ದಪ್ಪ ಪುಟ್ಟಿ ಇದೆ ಎಂದರ್ಥ. ಕರಾವಳಿಯಲ್ಲಿ ಓಡಿದ ಗಾಡಿಯನ್ನು ಉಪ್ಪುಗಾಳಿ ಒಳಗಿನಿಂದ ತಿಂದಿರುತ್ತದೆ. ಅದೇ ವರ್ಷದ, ಅದೇ ಬೆಲೆಯ ಎರಡು ಕಾರುಗಳಿದ್ದರೆ ಮಂಗಳೂರಿನದಕ್ಕಿಂತ ಚಿತ್ರದುರ್ಗ, ಬಳ್ಳಾರಿ ಕಡೆಯದನ್ನು ಆರಿಸಿ. ಹೊಸದಾಗಿ ಪೇಂಟ್ ಹೊಡೆಸಿದ ಕಾರಿಗಿಂತ ಮಾಸಿದ ಮೂಲ ಪೇಂಟಿನ ಕಾರು ನಂಬಿಕೆಗೆ ಹೆಚ್ಚು ಅರ್ಹ.

ಚಾಸಿ ನಂಬರನ್ನೂ ಇಂಜಿನ್ ನಂಬರನ್ನೂ ಆರ್‌ಸಿಯ ಜೊತೆ ಒಂದೊಂದೇ ಅಂಕಿಯಾಗಿ ಹೋಲಿಸಿ. ಇಂಜಿನ್ ಬದಲಾಗಿದ್ದು ಆರ್‌ಸಿಯಲ್ಲಿ ನಮೂದಾಗಿರದಿದ್ದರೆ ಎಫ್‌ಸಿಯಲ್ಲಿ ಸಿಕ್ಕಿಬೀಳುವವರು ನೀವು.

ಇಂಜಿನ್

ಇಂಜಿನ್ ತಣ್ಣಗಿರುವಾಗ ಬರುತ್ತೇನೆಂದು ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿಯಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡಲು ಮೊದಲೇ ಓಡಿಸಿರಬಹುದು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಕಪ್ಪು ಹೊಗೆಗೆ ಹೆಚ್ಚಾಗಿ ಕಾರ್ಬ್ಯುರೇಟರ್ ಟ್ಯೂನಿಂಗ್ ಸಾಕು, ಹೆದರಬೇಡಿ. ಆಯಿಲ್ ಮುಚ್ಚಳದ ಒಳಭಾಗದಲ್ಲಿ ಹಾಲಿನ ಕೆನೆಯಂತಹ ಪದಾರ್ಥ ಕಂಡರೆ ನೀರು ಆಯಿಲಿಗೆ ಸೇರಿರುವ ಅನುಮಾನವಿದೆ.

ಆ ಮಾದರಿಯ ಕೆಲಸ ಗೊತ್ತಿರುವ ಹಳೇ ಮೇಸ್ತ್ರಿಯನ್ನು ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ಮಾರುವವರೇ ಸೂಚಿಸಿದ ಗ್ಯಾರೇಜಿನವರು ಬೇಡ. ಓಡಿಸುವಾಗ ಖಾಲಿ ರಸ್ತೆಯಲ್ಲಿ ನಿಧಾನ ವೇಗದಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿ, ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ ನೋಡಿ. ಏರಿನಲ್ಲಿ ಎರಡನೇ ಗೇರಿನಲ್ಲಿ ಕ್ಲಚ್ ಜಾರುತ್ತದೆಯೇ ಗಮನಿಸಿ.

ಕೊಂಡ ಮೇಲೆ

ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡ ವಾರದಲ್ಲೇ ವರ್ಗಾವಣೆಗೆ ಅರ್ಜಿ ಹಾಕಿ. ಕೊಂಡವರಿಗೆ ಕಾನೂನು ಕೊಟ್ಟಿರುವ ಗಡುವು 30 ದಿನ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಬಣ್ಣ ಬದಲಾಯಿಸುವುದಾದರೆ ಆರ್‌ಸಿಯಲ್ಲಿ ನಮೂದಾಗಬೇಕು. ಸದ್ದಿನ ಸೈಲೆನ್ಸರ್, ಬೇರೆ ಇಂಜಿನ್ನಿನ ಆಸೆ ಬೇಡ. ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮೊದಲ ವಾರದಲ್ಲೇ ಎಲ್ಲ ಪೆಟ್ರೋಲ್ ಪೈಪುಗಳನ್ನು ಬದಲಿಸಿ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಗ್ಯಾಸ್ಕೆಟ್‌ಗಳನ್ನು ಅದು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಕಾರೇ ಹೊತ್ತಿಕೊಳ್ಳಬಹುದು. ಎಥೆನಾಲ್ ತಾಳುವ ಪೈಪು ಕೇಳಿ ತನ್ನಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2318 ಎಂದಿದ್ದರೆ 2018ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಎಷ್ಟೇ ಆಳವಾಗಿರಲಿ, ಅಷ್ಟು ಹಳೆಯ ಟೈರನ್ನು ಕಿತ್ತುಹಾಕಿ.

ಈ ಕಾರುಗಳಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಚಾರ್ಮಾಡಿ, ಶಿರಾಡಿಯಂತಹ ಇಳಿಜಾರಿನಲ್ಲಿ ಒತ್ತುತ್ತಲೇ ಹೋದರೆ ಬಿಸಿಯಾಗಿ ಹಿಡಿತ ಬಿಡುತ್ತದೆ. ಏರುವಾಗ ಯಾವ ಗೇರಿನಲ್ಲಿದ್ದಿರೋ ಇಳಿಯುವಾಗಲೂ ಅದೇ ಗೇರಿರಲಿ. ಗೆಳೆಯರನ್ನು ಕೂರಿಸಿಕೊಂಡು ಎಕ್ಸ್‌ಪ್ರೆಸ್‌ವೇಯಲ್ಲಿ ವೇಗ ತೋರಿಸುವ ಗಾಡಿ ಇದಲ್ಲ. ಕಾರಿನಲ್ಲಿ ಸರಿಯಾದ ಸೀಟ್‌ಬೆಲ್ಟ್ ಇಲ್ಲದಿದ್ದರೆ ಸ್ಟೀರಿಯೊ, ಸೀಟ್ ಕವರ್, ಪೇಂಟ್ ಎಲ್ಲಕ್ಕಿಂತ ಮೊದಲು ಅದನ್ನು ಹಾಕಿಸಿ, ಆಮೇಲೆ ಗಾಡಿಯನ್ನು ರಸ್ತೆಗೆ ತನ್ನಿ.