ಈರುಳ್ಳಿ ಪಟ್ಟಿಯಲ್ಲಿ ತೂಕದ ಸರಾಸರಿ

ದರಗಳನ್ನು ಕೂಡಿಸಿ, ಅವು ಎಷ್ಟಿವೆಯೋ ಅಷ್ಟರಿಂದ ಭಾಗಿಸಿದರೆ ಬರುವುದು ಸರಳ ಸರಾಸರಿ. ಪ್ರತಿ ದರವನ್ನೂ ಆ ದರಕ್ಕೆ ಹೋದ ಮಾಲಿನಿಂದ ಗುಣಿಸಿ, ಒಟ್ಟು ಹಣವನ್ನು ಒಟ್ಟು ಮಾಲಿನಿಂದ ಭಾಗಿಸಿದರೆ ಬರುವುದು ತೂಕದ ಸರಾಸರಿ. ಎಲ್ಲ ದರಕ್ಕೂ ಸಮನಾದ ಮಾಲು ಹೋಗಿದ್ದರೆ ಎರಡೂ ಒಂದೇ. ಇಲ್ಲದಿದ್ದರೆ, ಕೈಗೆ ಬಂದ ಹಣಕ್ಕೆ ಹೊಂದುವುದು ಎರಡನೆಯದು ಮಾತ್ರ.

ನಾಶಿಕ್ ಜಿಲ್ಲೆಯ ಲಾಸಲಗಾಂವ್ ದೇಶದ ಹೆಸರಾಂತ ಈರುಳ್ಳಿ ಮಾರುಕಟ್ಟೆ. ಅಲ್ಲಿ ಹರಾಜು ನಡೆಯುವುದು ಕ್ವಿಂಟಲ್ ದರದಲ್ಲಿ. ದಿನದ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ಮತ್ತು ಸರಾಸರಿ ದರಗಳಿರುತ್ತವೆ. ಆ ಸರಾಸರಿ ಇಡೀ ಮಾರುಕಟ್ಟೆಯದು. ರೈತ ತನ್ನದನ್ನು ತಾನೇ ಕಟ್ಟಿಕೊಳ್ಳಬೇಕು.

ರೈತನೊಬ್ಬ 50 ಕ್ವಿಂಟಲ್ ತಂದನೆನ್ನೋಣ. ದಪ್ಪ ಗಡ್ಡೆ 40 ಕ್ವಿಂಟಲ್ ₹1,800ರಂತೆ, ಸಣ್ಣ ಗಡ್ಡೆಯ ಗೋಲ್ಟಿ 8 ಕ್ವಿಂಟಲ್ ₹900ರಂತೆ, ಕೆಟ್ಟದ್ದು 2 ಕ್ವಿಂಟಲ್ ₹300ರಂತೆ ಹೋಯಿತು. ಸರಳ ಸರಾಸರಿ ₹1,000. ಆದರೆ ಬಂದ ಹಣ 72,000 + 7,200 + 600, ಅಂದರೆ ₹79,800. ಭಾಗಿಸಿದರೆ ಕ್ವಿಂಟಲ್‌ಗೆ ₹1,596. ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಸರಾಸರಿ ಅತ್ತ ವಾಲುತ್ತದೆ. ಹಮಾಲಿ, ತೂಕದ ಕೂಲಿ, ಬಾಡಿಗೆ ಸೇರಿ ₹2,300 ಕಳೆದರೆ ನಿವ್ವಳ ದರ ₹1,550.

ಯಾವುದರಿಂದ ಭಾಗಿಸಬೇಕು ಎಂಬುದು ಮಾಲು ಕೂಡಿಟ್ಟಾಗ ಮುಖ್ಯವಾಗುತ್ತದೆ. ಬೇಸಿಗೆಯಲ್ಲಿ ಕಿತ್ತ ಹಿಂಗಾರು ಈರುಳ್ಳಿಯನ್ನು ಗಾಳಿಯಾಡುವ ಚಾಳಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಒಣಗಿ, ಕೊಳೆತು, ಮೊಳೆತು ತೂಕ ಇಳಿಯುತ್ತದೆ. ಏಪ್ರಿಲ್‌ನಲ್ಲಿ ₹1,200 ಇದ್ದಾಗ ಇಟ್ಟ 30 ಕ್ವಿಂಟಲ್ ಆಗಸ್ಟ್‌ಗೆ 24 ಆಗಿ, ₹1,800ರಂತೆ ಮಾರಾಟವಾಯಿತೆಂದುಕೊಂಡರೆ ಬರುವುದು ₹43,200. ಇದನ್ನು 24ರಿಂದಲ್ಲ, ಇಟ್ಟ 30ರಿಂದ ಭಾಗಿಸಬೇಕು: ₹1,440. ಕಾದದ್ದರ ಲಾಭ ಕ್ವಿಂಟಲ್‌ಗೆ ₹600 ಅಲ್ಲ, ₹240. ಚಾಳದ ಖರ್ಚು, ಸಾಲದ ಬಡ್ಡಿ ಇದರಲ್ಲೇ ಕಳೆಯಬೇಕು.

ಮ್ಯೂಚುವಲ್ ಫಂಡಿನ ತಿಂಗಳ ಕಂತಿಗೂ ಇದೇ ಸೂತ್ರ. ₹5,000ದ ಎರಡು ಕಂತುಗಳಲ್ಲಿ ಯೂನಿಟ್ ಬೆಲೆ ಮೊದಲು ₹50, ಆಮೇಲೆ ₹40 ಇದ್ದರೆ 100 ಮತ್ತು 125 ಯೂನಿಟ್ ಸಿಗುತ್ತವೆ. ಸರಾಸರಿ ಖರೀದಿ ಬೆಲೆ ₹45 ಅಲ್ಲ. 10,000ವನ್ನು 225ರಿಂದ ಭಾಗಿಸಿದ ₹44.44. ಅಗ್ಗವಿದ್ದಾಗ ಹೆಚ್ಚು ಯೂನಿಟ್ ಬಂದದ್ದೇ ಈ ವ್ಯತ್ಯಾಸಕ್ಕೆ ಕಾರಣ. ಮಾರುವಾಗ ಲಾಭ ನಷ್ಟ ಅಳೆಯಬೇಕಾದದ್ದು ಈ ಬೆಲೆಯಿಂದ.