ಬ್ಲ್ಯಾಕ್ ಟಿಕೆಟ್: ನಮ್ಮ ಸರತಿಯನ್ನು ನಮಗೇ ಮಾರುವ ವ್ಯಾಪಾರ

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದ ಮಾರುಕಟ್ಟೆ ಸಮತೋಲನದ ಅಧ್ಯಾಯದಲ್ಲಿ ಬೆಲೆ ಮೇಲ್ಮಿತಿಯ ಬಗ್ಗೆ ಒಂದು ಸಣ್ಣ ಭಾಗವಿದೆ. ಅಕ್ಕಿ, ಗೋಧಿ, ಸಕ್ಕರೆ, ಸೀಮೆಎಣ್ಣೆಯಂಥ ವಸ್ತುವಿನ ಬೆಲೆಯನ್ನು ಸರ್ಕಾರ ಸಮತೋಲನ ಬೆಲೆಗಿಂತ ಕೆಳಗೆ ನಿಗದಿ ಮಾಡಿದರೆ ಅಧಿಕ ಬೇಡಿಕೆ ಹುಟ್ಟುತ್ತದೆ, ಜನ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಕಾಳಸಂತೆ ತಲೆ ಎತ್ತುತ್ತದೆ ಎಂದು ಅಲ್ಲಿ ಓದುತ್ತೇವೆ. ಈ ವರ್ಷ ಆ ಪಾಠ ಮಾಡುವಾಗ ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ: “ಸರ್, ಸಂಗೀತ ಕಾರ್ಯಕ್ರಮದ ಟಿಕೆಟ್‌ಗೆ ಸರ್ಕಾರ ಬೆಲೆ ಕಟ್ಟಿಲ್ಲ. ಆದ್ರೂ ಅದನ್ನ ಬ್ಲ್ಯಾಕ್‌ನಲ್ಲಿ ಯಾಕೆ ಮಾರ್ತಾರೆ?” ಪ್ರಶ್ನೆಗೆ ತರಗತಿಯಲ್ಲಿ ಪೂರ್ತಿ ಉತ್ತರ ಕೊಡಲು ಸಮಯ ಸಾಲಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೇ ಒಂದು ಮಾತು. ಇಂಥ ಕಾರ್ಯಕ್ರಮಗಳಿಗೆ ಹೋಗಬೇಕೇ ಬೇಡವೇ ಎಂಬುದು ನಿಮ್ಮ ಮತ್ತು ನಿಮ್ಮ ಮನೆಯವರ ವಿಚಾರ. ಇದು ಮಾರುಕಟ್ಟೆಯ ಪಾಠ. ಕ್ರಿಕೆಟ್ ಪಂದ್ಯಕ್ಕೂ, ಹಬ್ಬಕ್ಕೆ ಕಲಬುರಗಿ, ರಾಯಚೂರಿಗೆ ಹೋಗುವ ರೈಲಿನ ಟಿಕೆಟ್‌ಗೂ ಇದೇ ಪಾಠ ಅನ್ವಯಿಸುತ್ತದೆ.

ನಮ್ಮ ರಸ್ತೆಗೇ ಬಂದ ಮಾರುಕಟ್ಟೆ

ತುಮಕೂರು ರಸ್ತೆಯ ಮಾದಾವರ ನಮಗೆ ದೂರದ ಊರಲ್ಲ. 2024ರ ನವೆಂಬರ್‌ನಲ್ಲಿ ಹಸಿರು ಮೆಟ್ರೊ ಮಾರ್ಗ ನಾಗಸಂದ್ರದಿಂದ ಅಲ್ಲಿಯವರೆಗೆ ಬಂದ ಮೇಲೆ ಪೀಣ್ಯದಲ್ಲಿ ಹತ್ತಿದರೆ ಕೆಲವೇ ನಿಲ್ದಾಣಗಳ ಹಾದಿ. ಅದೇ ವರ್ಷ ಡಿಸೆಂಬರ್ 6ರಂದು ಪಂಜಾಬಿ ಗಾಯಕ ದಿಲ್ಜಿತ್ ದೊಸಾಂಜ್, 2025ರ ಫೆಬ್ರುವರಿ 8 ಮತ್ತು 9ರಂದು ಇಂಗ್ಲೆಂಡಿನ ಎಡ್ ಶೀರನ್ ಅಲ್ಲಿನ ನೈಸ್ ಗ್ರೌಂಡ್ಸ್‌ನಲ್ಲಿ ಹಾಡಿದರು. ಕಾರ್ಖಾನೆಗಳ ಶಿಫ್ಟ್ ಸೈರನ್ ಕೇಳುವ ಪ್ರದೇಶಕ್ಕೆ ಜಗತ್ತಿನ ದೊಡ್ಡ ಗಾಯಕರು ಬರತೊಡಗಿದ್ದಾರೆ. ಅವರ ಹಿಂದೆಯೇ ಬ್ಲ್ಯಾಕ್ ಟಿಕೆಟಿನ ವ್ಯಾಪಾರವೂ ಬರುತ್ತದೆ.

ಈ ವ್ಯಾಪಾರ ಹೊಸದೇನೂ ಅಲ್ಲ. ನಿಮ್ಮ ಅಪ್ಪ, ಚಿಕ್ಕಪ್ಪ, ಮಾಮುಗಳನ್ನು ಕೇಳಿ ನೋಡಿ. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ‘ಹತ್ತಕ್ಕೆ ಇಪ್ಪತ್ತು’ ಎಂದು ಮೆಲ್ಲಗೆ ಕೂಗುತ್ತಿದ್ದವರನ್ನು ಅವರು ಕಂಡಿರುತ್ತಾರೆ. ಒಂದೇ ಸಿನಿಮಾ ಹಲವಾರು ಪರದೆಗಳಲ್ಲಿ ಒಟ್ಟಿಗೆ ಬಿಡುಗಡೆಯಾಗತೊಡಗಿದ ಮೇಲೆ ಆ ಕೂಗು ಬಹುಮಟ್ಟಿಗೆ ನಿಂತಿತು. ಏಕೆ? ಪೂರೈಕೆ ಹೆಚ್ಚಿತು. ಇವತ್ತು ಸಿಗದಿದ್ದರೆ ನಾಳೆ ನೋಡಬಹುದು. ಸಂಗೀತ ಕಾರ್ಯಕ್ರಮಕ್ಕೆ ಆ ಅನುಕೂಲವಿಲ್ಲ. ಗಾಯಕ ಒಬ್ಬ, ಮೈದಾನ ಒಂದು, ರಾತ್ರಿ ಒಂದು. ನಮ್ಮ ಚಿತ್ರದಲ್ಲಿ ಬರೆಯುವುದಾದರೆ ಪೂರೈಕೆ ರೇಖೆ ನೇರವಾಗಿ ಲಂಬವಾಗಿ ನಿಲ್ಲುತ್ತದೆ. ಬೆಲೆ ಎಷ್ಟೇ ಏರಿದರೂ ಸೀಟು ಹೆಚ್ಚುವುದಿಲ್ಲ.

ಒಂದು ಲೆಕ್ಕ

ಉದಾಹರಣೆಗೆ 1,000 ಸೀಟುಗಳ ಒಂದು ಸಭಾಂಗಣ ಇದೆ ಎಂದುಕೊಳ್ಳಿ. ಟಿಕೆಟ್ ಬೆಲೆ 500 ರೂಪಾಯಿ ಆದರೆ 4,000 ಜನ ಕೊಳ್ಳಲು ಸಿದ್ಧ. 1,000 ರೂಪಾಯಿ ಆದರೆ 2,500 ಜನ. 2,000 ರೂಪಾಯಿ ಆದರೆ ಸರಿಯಾಗಿ 1,000 ಜನ. ಅಂದರೆ ಸಮತೋಲನ ಬೆಲೆ 2,000 ರೂಪಾಯಿ. ಆದರೆ ಆಯೋಜಕರು 500 ರೂಪಾಯಿ ಎಂದು ನಿಗದಿ ಮಾಡುತ್ತಾರೆ. ಅಧಿಕ ಬೇಡಿಕೆ 3,000.

ಆಯೋಜಕರು ದಡ್ಡರೇ? ಅಲ್ಲ. ಸರ್ಕಾರ ಹೇಳದಿದ್ದರೂ ಅವರೇ ತಮಗೆ ಒಂದು ಮೇಲ್ಮಿತಿ ಹಾಕಿಕೊಂಡಿದ್ದಾರೆ. ಅದಕ್ಕೆ ಕಾರಣ ಕೇಳುಗರು. ಅಕ್ಕಿ ಮೂಟೆಯನ್ನು ಯಾರು ಕೊಂಡರೂ ಅಕ್ಕಿಯ ರುಚಿ ಬದಲಾಗುವುದಿಲ್ಲ. ಸಂಗೀತ ಕಾರ್ಯಕ್ರಮ ಹಾಗಲ್ಲ. ಮುಂದೆ ಯಾರು ಕುಳಿತಿದ್ದಾರೆ ಎಂಬುದರ ಮೇಲೆ ಅದರ ಗುಣವೇ ಬದಲಾಗುತ್ತದೆ. ಮುಶಾಯಿರಾದಲ್ಲಿ ಸಭೆಯಿಂದ ‘ವಾಹ್’ ಬರದಿದ್ದರೆ ಕವಿ ಎಷ್ಟು ಚೆನ್ನಾಗಿ ಓದಿದರೂ ಸಪ್ಪೆ. ಕವ್ವಾಲಿಯಲ್ಲಿ ಚಪ್ಪಾಳೆಯೇ ತಾಳ. ಯಕ್ಷಗಾನದ ಆಟಕ್ಕೆ ಬೆಳಗಿನವರೆಗೆ ಕೂರುವ ಜನ ಬೇಕು. ಹಾಡಿನ ಸಾಲು ಬಾಯಿಪಾಠ ಇರುವವರು, ಕುಣಿಯುವವರು, ಮುಂದಿನ ಹತ್ತು ವರ್ಷ ತನ್ನನ್ನು ಕೇಳುವವರು ಎದುರಿಗಿರಬೇಕು ಎಂದು ಗಾಯಕ ಬಯಸುತ್ತಾನೆ. ಅವರಲ್ಲಿ ಬಹಳ ಮಂದಿ ನಿಮ್ಮ ವಯಸ್ಸಿನವರು, ಜೇಬಿನಲ್ಲಿ ಹೆಚ್ಚು ಹಣ ಇಲ್ಲದವರು. ಅದಕ್ಕೇ ಬೆಲೆ ತಗ್ಗಿಸಿ, ‘ಮೊದಲು ಬಂದವರಿಗೆ ಮೊದಲು’ ಎಂದು ಸಾಲು ಮಾಡುತ್ತಾರೆ. ಸಾಲಿನಲ್ಲಿ ದುಡ್ಡಿದ್ದವನಿಗೂ ಇಲ್ಲದವನಿಗೂ ಇರುವುದು ಒಂದೇ ಸರತಿ.

ಈಗ ಒಬ್ಬ ದಲ್ಲಾಳಿ ಹತ್ತಾರು ಹೆಸರುಗಳಲ್ಲಿ, ಹತ್ತಾರು ಫೋನ್ ನಂಬರುಗಳಲ್ಲಿ 300 ಟಿಕೆಟ್ ಕೊಳ್ಳುತ್ತಾನೆ. ಖರ್ಚು 1,50,000 ರೂಪಾಯಿ. ತಲಾ 2,000ಕ್ಕೆ ಮಾರಿದರೆ ಕೈಗೆ 6,00,000. ಲಾಭ 4,50,000. ಈ ನಾಲ್ಕೂವರೆ ಲಕ್ಷದಲ್ಲಿ ಗಾಯಕನಿಗೆ ಒಂದು ರೂಪಾಯಿಯೂ ಇಲ್ಲ, ತಬಲಾ ನುಡಿಸಿದವನಿಗೆ ಇಲ್ಲ, ಮೈಕ್ ಕಟ್ಟಿದ ಹುಡುಗನಿಗೆ ಇಲ್ಲ, ಬಿಲ್ ಇಲ್ಲದ ವ್ಯಾಪಾರವಾದ್ದರಿಂದ ತೆರಿಗೆಯೂ ಇಲ್ಲ. ಸೀಟು ಮೊದಲೂ 1,000, ಈಗಲೂ 1,000.

ವ್ಯಾಪಾರಿಗೂ ಬ್ಲ್ಯಾಕ್‌ನವನಿಗೂ ಏನು ವ್ಯತ್ಯಾಸ?

‘ಕಡಿಮೆಗೆ ಕೊಂಡು ಹೆಚ್ಚಿಗೆ ಮಾರುವುದೇ ವ್ಯಾಪಾರ ಅಲ್ಲವೇ ಸರ್’ ಎಂದು ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಕೇಳುತ್ತಾರೆ. ನಿಮ್ಮಲ್ಲಿ ಅನೇಕರು ವ್ಯಾಪಾರದ ಮನೆಗಳಿಂದಲೇ ಬಂದವರು. ಹಾಗಾಗಿ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಮಾದಾವರದ ಆಚೆ ದಾಸನಪುರದ ಎಪಿಎಂಸಿ ಮಾರುಕಟ್ಟೆ ಇದೆ. ಈರುಳ್ಳಿ ವ್ಯಾಪಾರಿ ದೂರದ ಹೊಲದಿಂದ ಲಾರಿಯಲ್ಲಿ ಮಾಲು ತರಿಸುತ್ತಾನೆ. ಬಾಡಿಗೆ ಕೊಡುತ್ತಾನೆ, ಹಮಾಲರಿಗೆ ಕೂಲಿ ಕೊಡುತ್ತಾನೆ, ಕೊಳೆತದ್ದನ್ನು ಎಸೆಯುತ್ತಾನೆ, ಬೆಲೆ ಬಿದ್ದರೆ ನಷ್ಟ ಹೊರುತ್ತಾನೆ. ಅವನಿಲ್ಲದಿದ್ದರೆ ನಮ್ಮ ಅಡುಗೆಮನೆಗೆ ಈರುಳ್ಳಿ ಬರುವುದು ಕಷ್ಟ. ಅವನ ಲಾಭ ಒಂದು ಸೇವೆಗೆ ಸಿಕ್ಕ ಕೂಲಿ. ಬ್ಲ್ಯಾಕ್‌ನವನು ಯಾವ ಸೇವೆಯನ್ನೂ ಮಾಡುವುದಿಲ್ಲ. ಅವನಿಲ್ಲದಿದ್ದರೆ ಅದೇ ಟಿಕೆಟ್ ಅದೇ ಫೋನಿನಲ್ಲಿ ನಮಗೆ 500ಕ್ಕೆ ಸಿಗುತ್ತಿತ್ತು. ಅವನು ಮಾಡುವುದು ಇಷ್ಟೇ: ಸಾಲಿನಲ್ಲಿ ನಮ್ಮ ಮುಂದೆ ನುಗ್ಗಿ ನಮ್ಮ ಸರತಿಯನ್ನು ಕಿತ್ತುಕೊಳ್ಳುತ್ತಾನೆ, ಆಮೇಲೆ ಅದನ್ನೇ ನಮಗೆ ಮಾರುತ್ತಾನೆ.

ಇನ್ನೊಂದು ವಾದವೂ ಇದೆ. ‘ಹೆಚ್ಚು ಹಣ ಕೊಡುವವನಿಗೇ ಹೆಚ್ಚು ಆಸೆ, ಅವನಿಗೇ ಟಿಕೆಟ್ ಸಿಗಲಿ.’ ಬೇಡಿಕೆಯ ವ್ಯಾಖ್ಯಾನವನ್ನು ನೆನಪಿಸಿಕೊಳ್ಳಿ. ಆಸೆ ಮಾತ್ರ ಬೇಡಿಕೆಯಲ್ಲ, ಕೊಳ್ಳುವ ಶಕ್ತಿಯೂ ಬೇಕು. ಪೀಣ್ಯದ ಲೇತ್ ಮುಂದೆ ನಿಂತು ಕೆಲಸ ಮಾಡುವ ಹುಡುಗನಿಗೆ 2,000 ರೂಪಾಯಿ ಹಲವು ದಿನಗಳ ಊಟದ ಖರ್ಚು. ವೈಟ್‌ಫೀಲ್ಡಿನ ದೊಡ್ಡ ಸಂಬಳದವರಿಗೆ ಅದು ಒಂದು ಸಂಜೆಯ ಖರ್ಚು. 2,000 ಕೊಟ್ಟವರು ಹೆಚ್ಚು ಆಸೆಪಟ್ಟವರು ಎಂದು ಇದರಿಂದ ಹೇಳಲಾಗದು.

ಕೋಲ್ಡ್‌ಪ್ಲೇ ಕಲಿಸಿದ್ದು

ನಮ್ಮ ದೇಶಕ್ಕೆ ಈ ಸಮಸ್ಯೆಯ ಗಾತ್ರ ತಿಳಿದದ್ದು 2024ರ ಸೆಪ್ಟೆಂಬರ್ 22ರಂದು. ಮುಂಬೈಯಲ್ಲಿ ನಡೆಯಲಿದ್ದ ಕೋಲ್ಡ್‌ಪ್ಲೇ ತಂಡದ ಕಾರ್ಯಕ್ರಮಕ್ಕೆ ಅಂದು ಬುಕ್‌ಮೈಶೋನಲ್ಲಿ ಟಿಕೆಟ್ ಮಾರಾಟ ಶುರುವಾಯಿತು. ಬೆಲೆ 2,500ರಿಂದ 35,000 ರೂಪಾಯಿ. ಆನ್‌ಲೈನ್ ಸಾಲಿಗೆ ಬಂದವರು ಒಂದು ಕೋಟಿಗೂ ಹೆಚ್ಚು. ಟಿಕೆಟ್ ಖಾಲಿಯಾದ ಬೆನ್ನಿಗೇ ಮರುಮಾರಾಟದ ತಾಣಗಳಲ್ಲಿ ಅವುಗಳಿಗೆ ಲಕ್ಷಗಟ್ಟಲೆ ಬೆಲೆ ಕಾಣಿಸಿತು. ಆ ಮಾರಾಟಕ್ಕೂ ತನಗೂ ಸಂಬಂಧವಿಲ್ಲ ಎಂದು ಬುಕ್‌ಮೈಶೋ ಪೊಲೀಸರಿಗೆ ದೂರು ಕೊಟ್ಟಿತು. ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯ ಕೋಲ್ಡ್‌ಪ್ಲೇ ಮತ್ತು ದಿಲ್ಜಿತ್ ಕಾರ್ಯಕ್ರಮಗಳ ಟಿಕೆಟ್ ದಂಧೆಯ ಬಗ್ಗೆ ಹಲವು ನಗರಗಳಲ್ಲಿ ಶೋಧ ನಡೆಸಿತು. ಆ ನಗರಗಳಲ್ಲಿ ಬೆಂಗಳೂರೂ ಒಂದು. ಟಿಕೆಟ್ ಮಾರಾಟಕ್ಕೆ ನಿಯಮಗಳನ್ನು ಮಾಡಿಸಬೇಕೆಂದು ಬಾಂಬೆ ಹೈಕೋರ್ಟ್‌ಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2025ರ ಜನವರಿಯಲ್ಲಿ ವಜಾ ಆಯಿತು. ಕಾನೂನು ಮಾಡುವುದು ಶಾಸಕಾಂಗದ ಕೆಲಸ ಎಂಬುದು ನ್ಯಾಯಾಲಯದ ನಿಲುವಾಗಿತ್ತು.

ಅದೇ ತಂಡ ಒಂದು ಪರಿಹಾರವನ್ನೂ ತೋರಿಸಿತು. ನವೆಂಬರ್‌ನಲ್ಲಿ ಸುಮಾರು 2,000 ರೂಪಾಯಿಯ ಕೆಲವು ಟಿಕೆಟ್‌ಗಳನ್ನು ಬಿಟ್ಟಿತು. ಒಬ್ಬರಿಗೆ ಎರಡೇ. ಸೀಟು ಎಲ್ಲಿ ಎಂಬುದು ಕೌಂಟರಿಗೆ ಹೋಗಿ ಟಿಕೆಟ್ ಪಡೆದಾಗಲೇ ತಿಳಿಯುವುದು. ಯಾವ ಸೀಟು ಎಂದು ಗೊತ್ತಿಲ್ಲದ ಟಿಕೆಟನ್ನು ಬ್ಲ್ಯಾಕ್‌ನಲ್ಲಿ ಮಾರುವುದು ಕಷ್ಟ.

ಮಾದಾವರದಲ್ಲಿ ಹಾಡಿದ ಎಡ್ ಶೀರನ್ ಕೂಡ ಈ ದಂಧೆಯ ವಿರುದ್ಧ ನಿಂತವರು. 2018ರ ಅವರ ಬ್ರಿಟನ್ ಪ್ರವಾಸದಲ್ಲಿ ಮರುಮಾರಾಟವಾಗಿದ್ದ 10,000ಕ್ಕೂ ಹೆಚ್ಚು ಟಿಕೆಟ್‌ಗಳನ್ನು ಆಯೋಜಕರು ರದ್ದುಮಾಡಿದರು. ಬೇರೆ ಬೇರೆ ಹೆಸರುಗಳಲ್ಲಿ ಅವರ ಮತ್ತು ಇತರರ ಕಾರ್ಯಕ್ರಮಗಳ ಟಿಕೆಟ್ ಬಾಚಿ ಮಾರಿದ ಇಬ್ಬರಿಗೆ 2020ರ ಫೆಬ್ರುವರಿಯಲ್ಲಿ ಲೀಡ್ಸ್ ನಗರದ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸಿತು. ಐರ್ಲೆಂಡ್ 2021ರಲ್ಲಿ ದೊಡ್ಡ ಕಾರ್ಯಕ್ರಮಗಳ ಟಿಕೆಟನ್ನು ಮೂಲ ಬೆಲೆಗಿಂತ ಹೆಚ್ಚಿಗೆ ಮಾರುವುದನ್ನೇ ಕಾನೂನಿನ ಮೂಲಕ ನಿಷೇಧಿಸಿತು.

ರೈಲಿನಿಂದ ಕಲಿಯುವುದು

ಹೊರದೇಶಕ್ಕೆ ಹೋಗುವುದೂ ಬೇಡ. ನಮ್ಮ ರೈಲ್ವೆಯನ್ನೇ ನೋಡಿ. 1989ರ ರೈಲ್ವೆ ಕಾಯ್ದೆಯ 143ನೇ ಕಲಂ ಪ್ರಕಾರ ಅಧಿಕಾರವಿಲ್ಲದೆ ಟಿಕೆಟ್ ವ್ಯಾಪಾರ ಮಾಡಿದರೆ ಮೂರು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಟಿಕೆಟಿನ ಮೇಲೆ ಪ್ರಯಾಣಿಕರ ಹೆಸರಿರುತ್ತದೆ, ಗುರುತಿನ ಚೀಟಿ ತೋರಿಸಬೇಕು. ರದ್ದು ಮಾಡಿದರೆ ರೈಲ್ವೆಯೇ ನಿಯಮದಂತೆ ಹಣ ಮರಳಿಸುತ್ತದೆ. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್ ಟಿಕೆಟ್ ಆಧಾರ್ ದೃಢೀಕರಣ ಆದವರಿಗೆ ಮಾತ್ರ. ದಂಧೆ ಪೂರ್ತಿ ನಿಂತಿಲ್ಲ ನಿಜ. ಆದರೆ ದಾರಿ ಸ್ಪಷ್ಟವಾಗಿದೆ: ಒಬ್ಬ ಮನುಷ್ಯನಿಗೆ ಒಂದು ಸರತಿ, ಟಿಕೆಟಿಗೆ ಹೆಸರು, ಬೇಡವಾದರೆ ಮಾರಿದವರಿಗೇ ವಾಪಸ್. ಸಂಗೀತ ಕಾರ್ಯಕ್ರಮಗಳಿಗೂ ಈ ಮೂರು ಸಾಕು. ಹೆಸರು ಹಾಕಿ ವಾಪಸ್ ತೆಗೆದುಕೊಳ್ಳದಿದ್ದರೆ ಮಾತ್ರ ಅದು ಅನ್ಯಾಯ, ಏಕೆಂದರೆ ಜ್ವರ ಬಂದು ಮಲಗಿದವನ ಹಣವೂ ಹೋಗುತ್ತದೆ.

ಗೇಟಿನ ಮುಂದೆ

ಪುಸ್ತಕದಲ್ಲಿರುವ ಕಾಳಸಂತೆಯಲ್ಲಿ ಹೆಚ್ಚು ಹಣ ಕೊಟ್ಟವನಿಗೆ ಸಕ್ಕರೆಯಾದರೂ ಸಿಗುತ್ತದೆ. ಫೋನಿನಲ್ಲಿ ನಡೆಯುವ ಈ ಕಾಳಸಂತೆಯಲ್ಲಿ ಅದೂ ಖಚಿತವಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಪೀಣ್ಯದ ಒಂದು ಘಟಕದಲ್ಲಿ ಅಪ್ರೆಂಟಿಸ್. ತುಮಕೂರು ರಸ್ತೆಯ ಒಂದು ಕಾರ್ಯಕ್ರಮಕ್ಕೆ ತನಗೂ ತಮ್ಮನಿಗೂ ಎಂದು ಅಪರಿಚಿತನೊಬ್ಬನಿಗೆ ಯುಪಿಐ ಮೂಲಕ 9,000 ರೂಪಾಯಿ ಕಳಿಸಿದ. ಟಿಕೆಟಿನ ಪಿಡಿಎಫ್ ಬಂತು. ಗೇಟಿನಲ್ಲಿ ಕ್ಯೂಆರ್ ಕೋಡ್ ತೋರಿಸಿದರೆ ‘ಈಗಾಗಲೇ ಬಳಸಲಾಗಿದೆ’ ಎಂದಿತು. ಅದೇ ಪಿಡಿಎಫ್ ಎಷ್ಟು ಜನಕ್ಕೆ ಹೋಗಿತ್ತೋ. ಮಾರಿದವನ ನಂಬರ್ ಸ್ವಿಚ್ ಆಫ್. ಒಳಗಿನ ಹಾಡನ್ನು ಹೊರಗಿನ ಸರ್ವಿಸ್ ರಸ್ತೆಯಲ್ಲಿ ನಿಂತು ಕೇಳಿ ಅಣ್ಣ ತಮ್ಮ ಇಬ್ಬರೂ ಮನೆಗೆ ಬಂದರು. “ದುಡ್ಡಿಗಿಂತ ತಮ್ಮನ ಮುಖ ನೋಡೋಕಾಗ್ಲಿಲ್ಲ ಸರ್” ಎಂದ.

ಟಿಕೆಟ್ ಒಂದು ಎಣಿಕೆಯೂ ಹೌದು. ಒಳಗೆ ಎಷ್ಟು ಜನ, ಬಾಗಿಲು ಎಷ್ಟು, ಪೊಲೀಸರು ಎಷ್ಟು ಬೇಕು ಎಂಬ ಲೆಕ್ಕ ಅದರ ಮೇಲೆ ನಿಂತಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅದು ಬ್ಲ್ಯಾಕ್ ಟಿಕೆಟಿನಿಂದ ಆದ ದುರಂತವಲ್ಲ. ಆದರೆ ಜಾಗಕ್ಕಿಂತ ಹೆಚ್ಚು ಜನ ಬಾಗಿಲಿಗೆ ಬಂದರೆ ಏನಾಗುತ್ತದೆ ಎಂಬುದನ್ನು ನಮ್ಮ ನಗರ ಅಂದು ಕಂಡಿತು. ಒಂದು ಟಿಕೆಟನ್ನು ಹತ್ತು ಜನಕ್ಕೆ ಮಾರುವವನು ಹತ್ತು ಜನರನ್ನು ಒಂದೇ ಬಾಗಿಲಿಗೆ ಕಳಿಸುತ್ತಾನೆ.

ನಾವು ಮಾಡಬಹುದಾದದ್ದು

ಬ್ಲ್ಯಾಕ್‌ನವನಿಗೆ ಎರಡು ಕಡೆ ನಮ್ಮ ಸಹಾಯ ಬೇಕು: ಕೊಳ್ಳುವಾಗ ಮತ್ತು ಮಾರುವಾಗ. ‘ನಿನ್ನ ನಂಬರಿನಲ್ಲಿ ನಾಲ್ಕು ಟಿಕೆಟ್ ಬುಕ್ ಮಾಡಿಕೊಡು, 500 ರೂಪಾಯಿ ಕೊಡ್ತೀನಿ’ ಎಂಬ ಮಾತು ನಮ್ಮ ವಿದ್ಯಾರ್ಥಿಗಳವರೆಗೂ ಬಂದಿರುವುದು ನನಗೆ ಗೊತ್ತು. ಅದು ಸುಲಭದ ಸಂಪಾದನೆಯಂತೆ ಕಾಣುತ್ತದೆ. ಆದರೆ ನಾಳೆ ವಿಚಾರಣೆ ಬಂದರೆ ದಾಖಲೆಯಲ್ಲಿರುವುದು ನಿಮ್ಮ ಹೆಸರು, ನಿಮ್ಮ ನಂಬರು, ನಿಮ್ಮ ಖಾತೆ.

ಟಿಕೆಟನ್ನು ಆಯೋಜಕರು ಹೇಳಿದ ತಾಣದಲ್ಲೇ ಕೊಳ್ಳಿ. ನಿಮ್ಮ ಟಿಕೆಟಿನ ಕೋಡ್ ಕಾಣುವ ಫೋಟೊವನ್ನು ಸ್ಟೇಟಸ್‌ಗೆ ಹಾಕಬೇಡಿ. ಹೋಗಲಾಗದಿದ್ದರೆ ಗೊತ್ತಿರುವ ಗೆಳೆಯನಿಗೆ ಕೊಂಡ ಬೆಲೆಗೇ ಕೊಡಿ. ಮೋಸವಾದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಗ್ರಾಹಕರ ದೂರಿಗೆ 1915 ಇದೆ. ಮನೆಯವರಿಗೆ ಹೇಳಲು ಹೆದರಿಕೆಯಾದರೆ ನಮ್ಮಲ್ಲಿ ಯಾರಾದರೊಬ್ಬ ಉಪನ್ಯಾಸಕರಿಗೆ ಹೇಳಿ.

ಚರ್ಚೆಗೆ ಮೂರು ಪ್ರಶ್ನೆಗಳು

1. ಮೇಲಿನ ಲೆಕ್ಕದಲ್ಲಿ ಆಯೋಜಕರೇ ಬೆಲೆಯನ್ನು 2,000 ರೂಪಾಯಿಗೆ ಏರಿಸಿದರೆ ಬ್ಲ್ಯಾಕ್ ನಿಲ್ಲುತ್ತದೆ. ಆಗ ಯಾರು ಹೊರಗೆ ಉಳಿಯುತ್ತಾರೆ? ಚಿತ್ರ ಬರೆದು ವಿವರಿಸಿ.

2. ಕಾರ್ಯಕ್ರಮದ ಹಿಂದಿನ ದಿನ ದಲ್ಲಾಳಿಯ ಬಳಿ 300ರಲ್ಲಿ 200 ಟಿಕೆಟ್ ಉಳಿದಿವೆ. ಅವನು ಏನು ಮಾಡುತ್ತಾನೆ? ಎಲ್ಲರೂ ಆ ದಿನದವರೆಗೆ ಕೊಳ್ಳದೆ ಕಾದರೆ ಅವನ ಲಾಭ ಏನಾಗುತ್ತದೆ?

3. ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಸಭಾಂಗಣದಲ್ಲಿ 400 ಸೀಟು, ಬರಬೇಕೆನ್ನುವವರು 900 ಜನ ಎಂದುಕೊಳ್ಳಿ. ಹಣ ಬಳಸದೆ ಸೀಟು ಹಂಚಲು ನ್ಯಾಯವಾದ ವಿಧಾನ ಯಾವುದು? ಉತ್ತರಗಳನ್ನು ನನಗೆ ಬರೆದು ಕೊಡಿ; ಒಳ್ಳೆಯ ವಿಧಾನವನ್ನು ವಿದ್ಯಾರ್ಥಿ ಸಂಘದ ಮುಂದೆ ಇಡೋಣ.